ಐನ್‌ಮನೆಯ ಕೋವಿ

ಮನೆಯ ರಕ್ಷಣೆಗೆ ಬಂದೂಕು ಇಟ್ಟುಕೊಳ್ಳಬೇಕೆಂದು ತೀರ್ಮಾನಿಸಿದವರಿಗೆ ಎದುರಾಗುವ ಮೊದಲ ಪ್ರಶ್ನೆ, ಯಾವ ಬಂದೂಕು ಎಂಬುದು. ಅಮೆರಿಕದಲ್ಲಾದರೆ ಇದನ್ನು ಅಂಗಡಿಯವನ ಮುಂದೆ ಇಡಬಹುದು. ಭಾರತದಲ್ಲಿ ಉತ್ತರದ ಬಹುಪಾಲನ್ನು ಕಾನೂನೇ ಬರೆದಿಟ್ಟಿದೆ. ಕರ್ನಾಟಕದ ಒಂದು ಜಿಲ್ಲೆಯಲ್ಲಿ ಮಾತ್ರ ಈ ಪ್ರಶ್ನೆಗೆ ಕಾನೂನಿಗಿಂತ ಮೊದಲೇ ಉತ್ತರ ಸಿದ್ಧವಾಗಿತ್ತು. ಕೊಡಗಿನ ಹಳೆಯ ಮನೆಗಳಲ್ಲಿ ಕೋವಿ ಯಾರೋ ಒಬ್ಬರು ಆರಿಸಿ ತಂದ ಸಾಮಾನಲ್ಲ. ತೂಗುದೀಪ, ಒಡಿಕತ್ತಿಗಳ ಹಾಗೆ ಅದು ಮನೆಯ ಜೊತೆಯಲ್ಲೇ ಬಂದದ್ದು. ಪರವಾನಗಿ ಇಲ್ಲದೆ ಅದನ್ನು ಇಟ್ಟುಕೊಳ್ಳಲು ಕೇಂದ್ರ ಸರ್ಕಾರ ಕೊಟ್ಟಿರುವ ವಿನಾಯಿತಿಗೆ 2029ರ ಅಕ್ಟೋಬರ್ 31 ಕೊನೆಯ ದಿನ. ಅದನ್ನು ಮುಂದುವರಿಸಬೇಕೇ ಬೇಡವೇ ಎಂಬ ಚರ್ಚೆ ಆ ವೇಳೆಗೆ ಮತ್ತೆ ಏಳುವುದು ಖಂಡಿತ. ಮನೆಯನ್ನು ಕೋವಿ ಕಾಯುತ್ತದೆಯೋ, ಕೋವಿಯನ್ನು ಮನೆ ಕಾಯುತ್ತದೆಯೋ ಎಂಬುದನ್ನು ಅದಕ್ಕೆ ಮೊದಲು ಸ್ವಲ್ಪ ವಿಚಾರಿಸುವುದು ಒಳ್ಳೆಯದು.

ಮೊದಲು ಕಾನೂನಿನ ಮಾತು. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಈ ವಿಷಯದಲ್ಲಿ ಬಹಳ ಸ್ಪಷ್ಟ. ನಾಗರಿಕರೊಬ್ಬರು ರಕ್ಷಣೆಗೆ ಅಥವಾ ಕ್ರೀಡೆಗೆಂದು ಅರ್ಜಿ ಹಾಕಿ, ಅದನ್ನು ನಿರಾಕರಿಸಲು ಬೇರೆ ಕಾರಣಗಳಿಲ್ಲದಿದ್ದರೆ, ನಳಿಗೆ ಕನಿಷ್ಠ 20 ಅಂಗುಲ ಉದ್ದವಿರುವ, ಅದರ ಒಳಮೈ ನುಣುಪಾಗಿರುವ ಬಂದೂಕಿಗೆ ಪರವಾನಗಿ ನೀಡತಕ್ಕದ್ದು. ಬೆಳೆ ರಕ್ಷಣೆಗಾದರೆ ನಳಿಗೆಯ ಬಾಯಿಂದ ಮದ್ದು ತುಂಬುವ ಬಂದೂಕು, ಅಂದರೆ ಮಲೆನಾಡಿನವರು ಕೇಪಿನ ಕೋವಿ ಎನ್ನುವ ಬಗೆಯದು. ಪಿಸ್ತೂಲು, ರಿವಾಲ್ವರ್, ರೈಫಲ್‌ಗಳ ಮಾತು ಬೇರೆ. ಅವು ಬೇಕೆನ್ನುವವರಿಗೆ ಸಕಾರಣವಿದೆ ಎಂದು ಅಧಿಕಾರಿಗೆ ಮನದಟ್ಟಾಗಬೇಕು.

ಈ ಆಯ್ಕೆಯ ಹಿಂದೆ ವಿವೇಕವಿದೆ. ರೈಫಲ್‌ನ ನಳಿಗೆಯೊಳಗೆ ತಿರುಪಿನಂಥ ಗೆರೆಗಳಿರುತ್ತವೆ. ಅವು ಗುಂಡನ್ನು ಬುಗುರಿಯಂತೆ ತಿರುಗಿಸಿ ನೇರವಾಗಿ, ದೂರಕ್ಕೆ ಕಳಿಸುತ್ತವೆ. ಗುರಿ ತಪ್ಪಿದ ರೈಫಲ್ ಗುಂಡು ಒಂದು ಕಿಲೋಮೀಟರಿಗೂ ಆಚೆ ಹೋಗಿ ಯಾರಿಗಾದರೂ ತಗಲಬಹುದು. ನುಣುಪು ನಳಿಗೆಯ ಕೋವಿಯಿಂದ ಸಾಮಾನ್ಯವಾಗಿ ಹಾರುವುದು ಒಂದು ಹಿಡಿ ಸೀಸದ ಚರೆ. ಸಣ್ಣ ಚರೆಯಾದರೆ ಮೂವತ್ತು ನಲವತ್ತು ಮೀಟರ್ ದಾಟುವಷ್ಟರಲ್ಲಿ ಚದುರಿ ಬಲಗುಂದುತ್ತದೆ. ಹತ್ತಿರದಿಂದ ಹೊಡೆದರೆ ಮಾತ್ರ ಅದು ಯಾವ ಗುಂಡಿಗೂ ಕಡಿಮೆಯಿಲ್ಲ. ಪಿಸ್ತೂಲಿನ ತೊಂದರೆ ಇನ್ನೊಂದು ಬಗೆಯದು. ಅದು ಅಂಗಿಯೊಳಗೆ ಅಡಗುತ್ತದೆ, ಮಕ್ಕಳ ಕೈಗೂ ಹಿಡಿಯುತ್ತದೆ, ಗಾಬರಿಯಲ್ಲಿ ಬೇಡದ ಕಡೆಗೂ ತಿರುಗುತ್ತದೆ. ಉದ್ದ ನಳಿಗೆಯ ಕೋವಿಯನ್ನು ಯಾರಿಗೂ ಕಾಣದಂತೆ ಪೇಟೆಗೆ ಒಯ್ಯುವುದು ಸುಲಭವಲ್ಲ. ಕಾನೂನಿಗೆ ಬೇಕಾದದ್ದೂ ಅದೇ.

12 ಬೋರ್ ಎಂಬ ಮಾತನ್ನು ಎಲ್ಲರೂ ಕೇಳಿರುತ್ತಾರೆ. ಅದು ಅಂಗುಲವೂ ಅಲ್ಲ, ಮಿಲಿಮೀಟರೂ ಅಲ್ಲ. ನಳಿಗೆಗೆ ಸರಿಯಾಗಿ ಕೂರುವ ಸೀಸದ ಉಂಡೆಗಳನ್ನು ಎರಕ ಹೊಯ್ದರೆ ಒಂದು ಪೌಂಡಿಗೆ ಎಷ್ಟು ಆಗುತ್ತವೆಯೋ ಅದೇ ಬೋರಿನ ಲೆಕ್ಕ. ಹನ್ನೆರಡಾದರೆ 12 ಬೋರ್, ಹದಿನಾರಾದರೆ 16 ಬೋರ್. ಆದ್ದರಿಂದ ಅಂಕಿ ದೊಡ್ಡದಾದಷ್ಟೂ ನಳಿಗೆ ಸಣ್ಣದು. ಕೊಡಗಿನ ಮನೆಗಳಲ್ಲಿ ಹೆಚ್ಚಾಗಿ ಕಾಣುವುದು ಈ 12 ಬೋರಿನ ಒಂಟಿ ಅಥವಾ ಜೋಡಿ ನಳಿಗೆಯ ತೋಟೆ ಕೋವಿಯೇ. ಅದಕ್ಕೂ ಹಿಂದಿನ ತಲೆಮಾರಿನದು ಕೇಪಿನ ಕೋವಿ. ನಳಿಗೆಗೆ ಕರಿಮದ್ದು ಸುರಿದು, ನಾರಿನ ಉಂಡೆ ತುರುಕಿ, ಚರೆ ಹಾಕಿ, ಮತ್ತೆ ನಾರು ತುರುಕಿ, ಗಜದಿಂದ ಜಡಿದು, ಕೊನೆಗೆ ಕೇಪು ಕೂರಿಸಬೇಕು. ಒಂದು ಈಡು ತಪ್ಪಿದರೆ ಎರಡನೆಯದು ಸಿದ್ಧವಾಗುವಷ್ಟರಲ್ಲಿ ಹಂದಿ ಮುಂದಿನ ತೋಟದಲ್ಲಿರುತ್ತದೆ. ಜೋಡಿ ನಳಿಗೆಯ ತೋಟೆ ಕೋವಿ ಬಂದಾಗ ಅದಕ್ಕೆ ಅಷ್ಟೊಂದು ಮರ್ಯಾದೆ ಸಿಕ್ಕಿದ್ದು ಏಕೆಂದು ಇದರಿಂದ ಊಹಿಸಬಹುದು.

ಆದರೆ ಕೊಡಗಿನಲ್ಲಿ ಮನೆಯ ರಕ್ಷಣೆ ಕೋವಿಗಿಂತ ಹಳೆಯದು. ಒಂದೇ ಮೂಲಪುರುಷನಿಂದ ಬಂದ ಕುಟುಂಬಕ್ಕೆ ಕೊಡವರು ಒಕ್ಕ ಎನ್ನುತ್ತಾರೆ. ಒಕ್ಕದ ಮೂಲ ಮನೆಯೇ ಐನ್‌ಮನೆ. ಗದ್ದೆ ಬಯಲು ಕಾಣುವಂತೆ ತುಸು ಎತ್ತರದಲ್ಲಿ ಅದನ್ನು ಕಟ್ಟುತ್ತಿದ್ದರು. ಅಲ್ಲಿಗೆ ಹೋಗುವ ದಾರಿ ಓಣಿ. ಎರಡೂ ಕಡೆ ಎತ್ತರದ ದಿಬ್ಬ, ನಡುವೆ ಸೊಟ್ಟಸೊಟ್ಟಾಗಿ ಸಾಗುವ ಇಕ್ಕಟ್ಟಿನ ಹಾದಿ. ಬರುವವರು ಮನೆಯವರ ಕಣ್ಣಿಗೆ ಮೊದಲು ಬೀಳುತ್ತಾರೆ, ಅವರಿಗೆ ಮನೆ ಕಾಣುವುದು ಆಮೇಲೆ. ಊರಿನ ಮಟ್ಟದಲ್ಲಿ ಇದೇ ಕೆಲಸ ಮಾಡುತ್ತಿದ್ದುದು ಕಡಂಗ, ಅಂದರೆ ನಾಡುಗಳ ಗಡಿಯಲ್ಲಿ ಬೆಟ್ಟಗುಡ್ಡ ಹತ್ತಿಳಿದು ಸಾಗುವ ಆಳವಾದ ಕಂದಕ ಮತ್ತು ಮಣ್ಣಿನ ಏರಿ. ಇಂದಿಗೂ ಕಾಫಿ ತೋಟಗಳ ನಡುವೆ ಕಡಂಗಗಳ ಉಳಿಕೆಗಳಿವೆ. ತಿಳಿಯದವರು ಅವನ್ನು ಮಳೆನೀರಿನ ಕೊರಕಲು ಎಂದುಕೊಂಡು ದಾಟಿಹೋಗುತ್ತಾರೆ.

ಈ ವ್ಯವಸ್ಥೆಗೆ ಆಳು ಒದಗಿಸುತ್ತಿದ್ದುದು ಜಮ್ಮಾ ಹಿಡುವಳಿ. ಹೆಸರೇ ಹೇಳುವಂತೆ ಇದು ಜನ್ಮದಿಂದ ಬರುವ ಭೂಮಿ. ಅರಸನಿಗೆ ಬೇಕಾದಾಗ ಆಯುಧ ಹಿಡಿದು ಬರಬೇಕೆಂಬ ಕರಾರಿನ ಮೇಲೆ, ಸಾಮಾನ್ಯ ಸಾಗು ಜಮೀನಿನ ಅರ್ಧದಷ್ಟು ಕಂದಾಯಕ್ಕೆ ಅದನ್ನು ಅನುಭವಿಸಬಹುದಿತ್ತು. ಭೂಮಿ ಒಕ್ಕಕ್ಕೆ ಸೇರಿದ್ದು, ಆಯುಧವೂ ಒಕ್ಕದ್ದೇ. ಜಮ್ಮಾ ಹಿಡಿದವರೆಲ್ಲ ಕೊಡವರೇ ಆಗಿರಲಿಲ್ಲ. ಅರೆಭಾಷೆ ಗೌಡರು, ಹೆಗ್ಗಡೆಗಳು, ಐರಿಗಳು ಮುಂತಾದವರಲ್ಲೂ ಜಮ್ಮಾ ಹಿಡುವಳಿದಾರರಿದ್ದಾರೆ. ಮುಂದೆ ಕಾನೂನಿನ ಚರ್ಚೆಯಲ್ಲಿ ಈ ಅಂಶ ಮುಖ್ಯವಾಗುತ್ತದೆ.

1834ರಲ್ಲಿ ಇಂಗ್ಲಿಷರು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕೊಡಗನ್ನು ವಶಪಡಿಸಿಕೊಂಡರು. ಮೂರೇ ವರ್ಷದಲ್ಲಿ, 1837ರಲ್ಲಿ, ಅಮರಸುಳ್ಯದ ದಂಗೆ ಎದ್ದಿತು. ಅದನ್ನು ಅಡಗಿಸುವಲ್ಲಿ ಕಂಪನಿ ಸರ್ಕಾರದ ಪಕ್ಷ ವಹಿಸಿದ ಕೊಡವರಿಗೆ ಪದಕಗಳನ್ನೇ ಟಂಕಿಸಿ ಹಂಚಲಾಯಿತು. ದಂಗೆಯ ನಾಯಕರಲ್ಲೊಬ್ಬರಾದ ಗುಡ್ಡೆಮನೆ ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯ ಬಳಿ ಗಲ್ಲಿಗೇರಿಸಲಾಯಿತು. ಇಪ್ಪತ್ತು ವರ್ಷಗಳ ನಂತರ, 1857ರಲ್ಲಿ, ಉತ್ತರ ಭಾರತ ಹೊತ್ತಿ ಉರಿಯಿತು. ಅದು ಆರಿದ ಮೇಲೆ ಜನರ ಕೈಯಲ್ಲಿ ಆಯುಧವಿದ್ದರೆ ಅಪಾಯವೆಂದು ಮನಗಂಡ ಸರ್ಕಾರ 1860ರಲ್ಲಿ ನಿಶ್ಶಸ್ತ್ರೀಕರಣದ ಕಾಯ್ದೆಯೊಂದನ್ನು ತಂದಿತು.

ಮೈಸೂರು ಮತ್ತು ಕೊಡಗಿನ ಕಮಿಷನರ್ ಆಗಿ ಆಗ ಬೆಂಗಳೂರಿನಲ್ಲಿದ್ದವನು ಮಾರ್ಕ್ ಕಬ್ಬನ್. ಉದ್ಯಾನದ ಹೆಸರಿನಲ್ಲಿ ಇಂದೂ ನಮ್ಮ ಬಾಯಲ್ಲಿ ಉಳಿದಿರುವ ಅದೇ ಕಬ್ಬನ್. 1861ರ ಫೆಬ್ರುವರಿಯಲ್ಲಿ ಆತ ಹೊರಡಿಸಿದ ಘೋಷಣೆಯಲ್ಲಿ ಕೊಡವರ ನಿಷ್ಠೆ, ಶೌರ್ಯಗಳನ್ನು ಬಾಯ್ತುಂಬ ಹೊಗಳಿ, ಈ ಕಾಯ್ದೆ ಅವರಿಗೆ ಅನ್ವಯಿಸುವುದಿಲ್ಲವೆಂದು ಸಾರಿದ. ಇದಾದ ಎರಡೇ ತಿಂಗಳಲ್ಲಿ, ಸ್ವದೇಶಕ್ಕೆ ಮರಳುವ ದಾರಿಯಲ್ಲಿ, ಸೂಯೆಜ್‌ನಲ್ಲಿ ಆತ ತೀರಿಕೊಂಡ. ಇಂದಿನ ಕೋವಿ ಹಕ್ಕಿನ ಮೂಲ ದಾಖಲೆ ಎಂದು ತೋರಿಸುವುದು ಆ ಘೋಷಣೆಯನ್ನೇ.

ಕಬ್ಬನ್ ಕೊಟ್ಟದ್ದು ಔದಾರ್ಯದಿಂದಲೇ ಎಂದು ಭಾವಿಸಬೇಕಿಲ್ಲ. ಎಲ್ಲರ ಕೈಯಿಂದ ಆಯುಧ ಕಿತ್ತುಕೊಂಡು ಕೆಲವರಿಗೆ ಮಾತ್ರ ಬಿಟ್ಟುಕೊಡುವುದು ಆಳುವವರ ಹಳೆಯ ಜಾಣತನ. 1878ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಂತೂ ಇದು ಬೆತ್ತಲಾಗಿಯೇ ಕಂಡಿತು. ಆಯುಧ ಇಟ್ಟುಕೊಳ್ಳಲು ಭಾರತೀಯರಿಗೆ ಪರವಾನಗಿ ಬೇಕು, ಯುರೋಪಿಯನ್ನರಿಗೆ ವಿನಾಯಿತಿ. ರಾಷ್ಟ್ರೀಯ ಚಳವಳಿಯ ನಾಯಕರಿಗೆ ಈ ಕಾಯ್ದೆ ದಶಕಗಳ ಕಾಲ ಮುಳ್ಳಿನಂತೆ ಚುಚ್ಚುತ್ತಿತ್ತು. ಸ್ವಾತಂತ್ರ್ಯದ ಬಳಿಕ 1959ರ ಕಾಯ್ದೆ ಬಂದು ಬಿಳಿಯರ ವಿಶೇಷ ಹಕ್ಕು ಹೋಯಿತು. ಕೊಡಗಿನದು ಉಳಿಯಿತು. 1963ರ ಕೇಂದ್ರ ಅಧಿಸೂಚನೆ ‘ಕೂರ್ಗ್ ಜನಾಂಗ’ದವರಿಗೂ ಕೊಡಗಿನ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ನೀಡಿತು. ಚರಿತ್ರೆಯ ಒಂದು ವಿನೋದವನ್ನು ಇಲ್ಲಿ ಗಮನಿಸಬೇಕು. 1837ರಲ್ಲಿ ಇಂಗ್ಲಿಷರ ವಿರುದ್ಧ ಎದ್ದ ಗೌಡ ಮನೆತನಗಳ ವಂಶಸ್ಥರೂ, ಇಂಗ್ಲಿಷರ ಪರ ನಿಂತವರ ವಂಶಸ್ಥರೂ ಇಂದು ಒಂದೇ ಅಧಿಸೂಚನೆಯ ನೆರಳಿನಲ್ಲಿ ಕೋವಿ ಇಟ್ಟುಕೊಂಡಿದ್ದಾರೆ.

ಕಾಗದದ ಮೇಲಿನ ಹಕ್ಕಿಗಿಂತ ಮನೆಯೊಳಗೆ ಕೋವಿ ನಡೆಸಿಕೊಂಡು ಬಂದ ಬಾಳು ಹೆಚ್ಚು ಸ್ವಾರಸ್ಯವಾದದ್ದು. ಕೊಡವ ಭಾಷೆಯಲ್ಲಿ ಅದು ತೋಕ್. ಗಂಡು ಮಗು ಹುಟ್ಟಿದರೆ ಮನೆಯ ಮುಂದೆ ಆಕಾಶಕ್ಕೆ ಒಂದು ಗುಂಡು ಹಾರಿಸುತ್ತಾರೆ. ಹರಳು ಗಿಡದ ಕಾಂಡದಿಂದ ಪುಟ್ಟ ಬಿಲ್ಲು ಮಾಡಿ ಕೂಸಿನ ಕೈಗೆ ಮುಟ್ಟಿಸುತ್ತಾರೆ. ಸಾವಾದರೆ ಗುಂಡು ಎರಡು. ಮನೆಗಳು ಒಂದೊಂದು ಗುಡ್ಡಕ್ಕೆ ಒಂದರಂತೆ ಚದುರಿದ್ದ ನಾಡಿನಲ್ಲಿ, ಟೆಲಿಫೋನು ಬರುವುದಕ್ಕೆ ನೂರಾರು ವರ್ಷ ಮೊದಲು, ಇದಕ್ಕಿಂತ ಬೇಗನೆ ಸುದ್ದಿ ಮುಟ್ಟಿಸುವ ಸಾಧನ ಇರಲಾರದು. ಒಂದಾದರೆ ಸಿಹಿ ಸುದ್ದಿ. ಎರಡಾದರೆ ಕೈಲಿದ್ದ ಕೆಲಸ ಬಿಟ್ಟು ಆ ದಿಕ್ಕಿಗೆ ನಡೆಯಬೇಕು. ಹೆಣ್ಣು ಮಗು ಹುಟ್ಟಿದಾಗ ಗುಂಡು ಹಾರಿಸುವ ರೂಢಿ ಇರಲಿಲ್ಲ ಎಂಬುದು ಇಂದಿನವರಿಗೆ ಹಿಡಿಸಲಾರದು. ಹಾಗೆ ನೋಡಿದರೆ ಹಬ್ಬದ ಗುರಿ ಸ್ಪರ್ಧೆಗಳಲ್ಲಿ ಈಗ ಹೆಣ್ಣುಮಕ್ಕಳೂ ಕೋವಿ ಎತ್ತಿ ತೆಂಗಿನಕಾಯಿ ಒಡೆಯುತ್ತಿದ್ದಾರೆ.

ಆ ಹಬ್ಬವೇ ಕೈಲ್‌ಪೊಳ್ದ್, ಅಂದರೆ ಆಯುಧಗಳ ಹಬ್ಬ. ನಾಡಿನಿಂದ ನಾಡಿಗೆ ದಿನ ಹಿಂದು ಮುಂದಾಗುವುದುಂಟು, ಸಾಮಾನ್ಯವಾಗಿ ಸೆಪ್ಟೆಂಬರ್ 3. ಕಕ್ಕಡದ ಮಳೆ ಹೊಯ್ದು, ನಾಟಿ ಮುಗಿದು, ನೇಗಿಲಿಗೆ ಬಿಡುವು ಸಿಗುವ ಹೊತ್ತು ಅದು. ಮನೆಯ ಕೋವಿ ಕತ್ತಿಗಳನ್ನೆಲ್ಲ ತೆಗೆದು, ಒರೆಸಿ, ದೀಪದ ಮುಂದೆ ಸಾಲಾಗಿ ಇಡುತ್ತಾರೆ. ನಳಿಗೆಯ ಬಾಯಿಗೆ ತೋಕ್ ಪೂ ಸಿಕ್ಕಿಸುತ್ತಾರೆ. ಕನ್ನಡದಲ್ಲಿ ಇದನ್ನು ಅಗ್ನಿಶಿಖೆ ಎನ್ನುತ್ತಾರೆ, ಕೆಲವೆಡೆ ಗೌರಿ ಹೂ ಎಂದೂ ಕರೆಯುತ್ತಾರೆ. ಕೆಂಪು ಹಳದಿಯ ಜ್ವಾಲೆಯಂಥ ಎಸಳು, ಗೆಡ್ಡೆಯಲ್ಲಿ ಮಾತ್ರ ಘೋರ ವಿಷ. ಕೋವಿಗೆ ಇದಕ್ಕಿಂತ ಒಪ್ಪುವ ಹೂವು ಸಿಗುವುದು ಕಷ್ಟ. ಪೂಜೆಯ ನಂತರ ಹಿರಿಯರು ಕೋವಿಯನ್ನು ಕಿರಿಯರ ಕೈಗೆ ಕೊಡುತ್ತಾರೆ. ಆಮೇಲೆ ಕಡಂಬುಟ್ಟು, ಪಂದಿ ಕರಿಯ ಊಟ, ಬಯಲಿನಲ್ಲಿ ತೆಂಗಿನಕಾಯಿಗೆ ಗುರಿ. ವರ್ಷದ ಕೊನೆಯಲ್ಲಿ ಹುತ್ತರಿ ಬರುತ್ತದೆ. ಹೊಸ ಭತ್ತದ ಕದಿರು ಕೊಯ್ಯುವ ಮುನ್ನವೂ ಗದ್ದೆಯಲ್ಲಿ ಗುಂಡು ಹಾರುತ್ತದೆ.

ಈ ಪೂಜೆಯೊಳಗೆ ಶುದ್ಧ ವ್ಯವಹಾರದ ಮಾತೂ ಅಡಗಿದೆ ಎಂದು ನನಗೆ ತೋರುತ್ತದೆ. ಕೊಡಗಿನ ಮಳೆಯಲ್ಲಿ ಎರಡು ತಿಂಗಳು ಮುಟ್ಟದೆ ಬಿಟ್ಟ ಕಬ್ಬಿಣ ತುಕ್ಕು ಹಿಡಿಯುತ್ತದೆ, ಮದ್ದು ಒದ್ದೆಯಾಗುತ್ತದೆ. ತುಕ್ಕು ಹಿಡಿದ ಕೋವಿ ಎದುರಿನವನಿಗಿಂತ ಹಿಡಿದವನಿಗೇ ಹೆಚ್ಚು ಅಪಾಯ. ವರ್ಷಕ್ಕೊಮ್ಮೆ ಎಲ್ಲ ಆಯುಧಗಳನ್ನೂ ಒಂದೆಡೆ ಸೇರಿಸಿ, ಶುಚಿ ಮಾಡಿ, ಇಡೀ ಕುಟುಂಬದ ಎದುರಿನಲ್ಲಿ ಹಿರಿಯರ ಕೈಯಿಂದ ಪಡೆಯುವ ರೂಢಿಯಿದ್ದರೆ, ಯಾರ ಬಳಿ ಏನಿದೆ, ಯಾರ ಕೈಗೆ ಕೊಡಬಹುದು, ಯಾರಿಗೆ ಕೂಡದು ಎಂಬುದು ತಾನಾಗಿ ಇತ್ಯರ್ಥವಾಗುತ್ತದೆ. ಇಂದಿನ ಶಸ್ತ್ರಾಸ್ತ್ರ ನಿಯಮಗಳು ತರಬೇತಿ, ಭದ್ರವಾದ ಕಪಾಟು, ಅಧಿಕಾರಿಯ ತಪಾಸಣೆಗಳ ಮೂಲಕ ಮಾಡಹೊರಟಿರುವ ಕೆಲಸವನ್ನು ಐನ್‌ಮನೆ ಒಂದು ದೀಪ ಮತ್ತು ಒಬ್ಬ ಅಜ್ಜನ ಮೂಲಕ ಮಾಡಿಕೊಂಡು ಬಂದಿತ್ತು.

ಹಾಗಾದರೆ ಈಗ ಕೋವಿ ಯಾವುದಕ್ಕೆ? ಬೇಟೆಯ ಕಾಲ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಂದಿಗೆ ಮುಗಿಯಿತು. ಹೊರಗಿನಿಂದ ದಂಡೆತ್ತಿ ಬರುವವರಿಲ್ಲ. ತೋಟಕ್ಕೆ ನುಗ್ಗುವುದು ಆನೆ. ಅದನ್ನು ಕೊಂದರೆ ಜೈಲು. ಕೋವಿಯಿಂದ ಮಾಡಬಹುದಾದದ್ದು ಗಾಳಿಯಲ್ಲಿ ಗುಂಡು ಹಾರಿಸಿ ಸದ್ದು ಮಾಡುವುದಷ್ಟೆ. ದಿನಗಳೆದಂತೆ ಆನೆಗಳು ಆ ಸದ್ದಿಗೂ ಒಗ್ಗಿಹೋಗುತ್ತವೆ ಎಂದು ಬೆಳೆಗಾರರು ದೂರುತ್ತಾರೆ. ಉಳಿದದ್ದು ಒಂಟಿ ಮನೆಯ ಧೈರ್ಯ. ಹತ್ತಿರದ ಮನೆ ಅರ್ಧ ಮೈಲಿ ದೂರ, ಮಳೆಗಾಲದಲ್ಲಿ ಕರೆಂಟು ಹೋದರೆ ದಿನಗಟ್ಟಲೆ ಬಾರದು, ಪೊಲೀಸ್ ಠಾಣೆ ಇನ್ನೂ ದೂರ. ಅಂಥ ಮನೆಯಲ್ಲಿ ಇಳಿವಯಸ್ಸಿನ ಇಬ್ಬರೇ ಇರುವಾಗ ಗೋಡೆಯ ಮೇಲಿನ ಕೋವಿ ಕೊಡುವ ನೆಮ್ಮದಿಯನ್ನು ಪೇಟೆಯಲ್ಲಿ ಕುಳಿತು ಹಗುರವಾಗಿ ಮಾತಾಡುವುದು ಸರಿಯಲ್ಲ. ಚುನಾವಣೆ ಬಂದಾಗಲೆಲ್ಲ ಕೋವಿಯನ್ನು ಠಾಣೆಯಲ್ಲಿ ಒಪ್ಪಿಸಬೇಕೆಂಬ ಸೂಚನೆಗೆ ಕೊಡಗಿನಲ್ಲಿ ಆಕ್ಷೇಪ ಏಳುವುದು ಈ ಕಾರಣದಿಂದಲೇ.

ನೆಮ್ಮದಿ ಒಂದು, ಸುರಕ್ಷತೆ ಇನ್ನೊಂದು. ಅಮೆರಿಕದ ವೈದ್ಯ ಆರ್ಥರ್ ಕೆಲರ್ಮನ್ ಮತ್ತು ಸಂಗಡಿಗರು ಮನೆಯೊಳಗೆ ನಡೆದ ಕೊಲೆಗಳನ್ನು ಅಭ್ಯಸಿಸಿ 1993ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ, ಬಂದೂಕು ಇರುವ ಮನೆಯಲ್ಲಿ ಕೊಲೆಯ ಸಂಭವ ಬಂದೂಕಿಲ್ಲದ ಮನೆಯ 2.7ರಷ್ಟು. ಹೆಚ್ಚಿನ ಪ್ರಕರಣಗಳಲ್ಲಿ ಕೊಂದವರು ಹೊರಗಿನ ಕಳ್ಳರಲ್ಲ, ಮನೆಯವರು ಅಥವಾ ಪರಿಚಿತರು. ಅಪಾಯವಿರುವ ಮನೆಯವರೇ ಬಂದೂಕು ತಂದುಕೊಂಡಿರಬಹುದಲ್ಲ ಎಂದು ಆ ವರದಿಯನ್ನು ಟೀಕಿಸಿದವರಿದ್ದಾರೆ. ಅಲ್ಲಿನ ಲೆಕ್ಕವನ್ನು ಇಲ್ಲಿಗೆ ತಂದು ಹಚ್ಚುವುದೂ ತರವಲ್ಲ. ಆದರೂ ಕೊಡಗು, ಮಲೆನಾಡುಗಳಿಂದ ಆಗಾಗ ಬರುವ ಸುದ್ದಿಗಳನ್ನು ನೆನೆಯಬೇಕು. ರಾತ್ರಿ ತೋಟದಲ್ಲಿ ಹಂದಿ ಎಂದು ಭಾವಿಸಿ ಹೊಡೆದದ್ದು ಮನುಷ್ಯನಿಗೆ ತಗಲಿತು, ಶುಚಿ ಮಾಡುವಾಗ ಈಡು ಹಾರಿತು, ಆಸ್ತಿಯ ಜಗಳದಲ್ಲಿ ಕುಡಿದ ಕೈಗೆ ಕೋವಿ ಸಿಕ್ಕಿತು. ಇವುಗಳಲ್ಲಿ ಯಾವ ಬಂದೂಕು ಎಂಬ ಆಯ್ಕೆಯ ತಪ್ಪು ಕಡಿಮೆ. ತುಂಬಿದ ತೋಟೆಯನ್ನು ತೆಗೆಯದೆ ಇಟ್ಟದ್ದು, ಕೋವಿ ಒಂದೆಡೆ ತೋಟೆ ಒಂದೆಡೆ ಬೀಗದಲ್ಲಿಡದೆ ಹೋದದ್ದು, ಬೇಡ ಎನ್ನುವ ಹಿರಿಯರು ಮನೆಯಲ್ಲಿ ಇಲ್ಲದಿದ್ದದ್ದು ಇವೇ ಹೆಚ್ಚು.

ಕಾನೂನೂ ಈಚೆಗೆ ಬಿಗಿಯಾಗಿದೆ. 2019ರ ತಿದ್ದುಪಡಿ ಒಬ್ಬ ಪರವಾನಗಿದಾರ ಇಟ್ಟುಕೊಳ್ಳಬಹುದಾದ ಬಂದೂಕುಗಳ ಸಂಖ್ಯೆಯನ್ನು ಮೂರರಿಂದ ಎರಡಕ್ಕೆ ಇಳಿಸಿತು. ಜೀವಕ್ಕೆ ಅಪಾಯವಾಗುವಂತೆ ಅಜಾಗರೂಕತೆಯಿಂದ ಸಂಭ್ರಮದ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ, ಅಥವಾ ಎರಡೂ. ಉತ್ತರದ ಮದುವೆ ಮೆರವಣಿಗೆಗಳಲ್ಲಿ ಆಗುತ್ತಿದ್ದ ಸಾವುಗಳು ಇದಕ್ಕೆ ಹಿನ್ನೆಲೆ. ಹುತ್ತರಿಯ ಗದ್ದೆಯಲ್ಲಿ ಆಕಾಶಕ್ಕೆ ಹಾರಿಸುವ ಒಂದು ಗುಂಡನ್ನು ಇದರೊಡನೆ ಸೇರಿಸಬಾರದು, ನಿಜ. ಆದರೆ ಮೇಲೆ ಹೋದ ಸೀಸ ಎಲ್ಲೋ ಕೆಳಗೆ ಬೀಳಲೇಬೇಕು. ಗುಡ್ಡಕ್ಕೊಂದು ಮನೆಯಿದ್ದ ಕಾಲ ಹೋಗಿ ಹೋಂಸ್ಟೇಗಳ ಸಾಲು ಎದ್ದಿರುವಾಗ ಇದನ್ನು ಮರೆಯುವಂತಿಲ್ಲ. ಚರೆ ತುಂಬದ, ಬರೀ ಮದ್ದಿನ ತೋಟೆಯಿಂದಲೂ ಸದ್ದು ಅಷ್ಟೇ ಬರುತ್ತದೆ.

ಅದೇ 2019ರ ಅಕ್ಟೋಬರ್‌ನಲ್ಲಿ ಕೇಂದ್ರ ಗೃಹ ಸಚಿವಾಲಯ ಕೊಡಗಿನ ವಿನಾಯಿತಿಯನ್ನು ಹತ್ತು ವರ್ಷಕ್ಕೆ ಮುಂದುವರಿಸಿತು. ಜನಾಂಗ ಮತ್ತು ಹಿಡುವಳಿಯ ಆಧಾರದ ಮೇಲೆ ಹೀಗೆ ವಿನಾಯಿತಿ ನೀಡುವುದು ವಸಾಹತು ಕಾಲದ ತಾರತಮ್ಯದ ಉಳಿಕೆ ಎಂದು ನಿವೃತ್ತ ಸೇನಾಧಿಕಾರಿಯೊಬ್ಬರು ಕರ್ನಾಟಕ ಹೈಕೋರ್ಟಿನಲ್ಲಿ ಪ್ರಶ್ನಿಸಿದರು. 2021ರ ಸೆಪ್ಟೆಂಬರ್‌ನಲ್ಲಿ ನ್ಯಾಯಾಲಯ ಅರ್ಜಿಯನ್ನು ವಜಾ ಮಾಡಿತು. ಸ್ವಾತಂತ್ರ್ಯಪೂರ್ವದಿಂದ ನಡೆದುಬಂದ ಪದ್ಧತಿ, ಅವಧಿ ಗೊತ್ತುಪಡಿಸಿ ಷರತ್ತಿನೊಡನೆ ಕೊಟ್ಟ ವಿನಾಯಿತಿ ಎಂಬುದು ಅದರ ನಿಲುವು. ಅರ್ಜಿದಾರರು ಎತ್ತಿದ ಪ್ರಶ್ನೆ ಅದರಿಂದ ಪೂರ್ತಿ ತೀರಿತೆಂದು ಹೇಳಲಾಗದು. ಅದೇ ಕೊಡಗಿನಲ್ಲಿ, ಅದೇ ಆನೆ ಹಾಯುವ ಹಾದಿಯಲ್ಲಿ ಎರಡೆಕರೆ ಇಟ್ಟುಕೊಂಡಿರುವ, ಜಮ್ಮಾ ಇಲ್ಲದ ರೈತ ಕೋವಿಗಾಗಿ ಎಲ್ಲರಂತೆ ಅರ್ಜಿ ಹಾಕಿ ಕಾಯಬೇಕು.

ವಿನಾಯಿತಿ ಇದ್ದವರಿಗೂ ಕಾಗದಪತ್ರದ ಕೆಲಸ ತಪ್ಪಿದ್ದಲ್ಲ. ವಿನಾಯಿತಿ ಪತ್ರ ಜಿಲ್ಲಾಧಿಕಾರಿ ಕಚೇರಿಯಿಂದ ಬರಬೇಕು, ಕೋವಿ ಅದರಲ್ಲಿ ದಾಖಲಾಗಬೇಕು. ಹೆಸರಿದ್ದ ಹಿರಿಯರು ತೀರಿಕೊಂಡರೆ ಅದು ತಾನಾಗಿ ಮಗನದಾಗುವುದಿಲ್ಲ. ವಾರಸುದಾರರು ತಮ್ಮ ಹೆಸರಿಗೆ ಮಾಡಿಸಿಕೊಳ್ಳಬೇಕು, ಅಲ್ಲಿಯತನಕ ಠಾಣೆಯಲ್ಲೋ ಪರವಾನಗಿ ಇರುವ ವ್ಯಾಪಾರಿಯ ಬಳಿಯೋ ಒಪ್ಪಿಸಬೇಕು. ಬಹಳಷ್ಟು ಮನೆಗಳ ಮಕ್ಕಳು ಇಂದು ಬೆಂಗಳೂರಿನಲ್ಲೋ ಹೊರದೇಶದಲ್ಲೋ ಇದ್ದಾರೆ. ಕೈಲ್‌ಪೊಳ್ದ್‌ಗೆ ಬಂದು ಕಡಂಬುಟ್ಟು ಉಂಡು ಹೋಗುವವರಿಗೆ ಈ ಓಡಾಟಕ್ಕೆ ರಜೆ ಸಿಗುವುದಿಲ್ಲ. 2029ಕ್ಕೆ ಮುಂಚೆ ವಿನಾಯಿತಿಗಾಗಿ ದೆಹಲಿಗೆ ಹೋಗಲಿರುವ ನಿಯೋಗಗಳು ಮುಂದಿಡುವ ಮನವಿಯ ಜೊತೆಗೆ, ಪ್ರತಿ ಒಕ್ಕವೂ ತನ್ನ ಐನ್‌ಮನೆಯ ಕೋವಿ ಈಗ ಯಾರ ಹೆಸರಿನಲ್ಲಿದೆ, ಯಾವ ಕಪಾಟಿನಲ್ಲಿದೆ, ಬೀಗದ ಕೈ ಯಾರ ಬಳಿ ಇದೆ ಎಂದು ಒಮ್ಮೆ ನೋಡಿಕೊಂಡರೆ, ಮುಂದಿನ ಸೆಪ್ಟೆಂಬರ್‌ಗೆ ಒಂದು ಕೆಲಸ ಮುಗಿದಿರುತ್ತದೆ.